ಡಬ್ಬಿಯ ಹಿಂಬದಿ ಓದುವುದು: ದಿನದ ವಿಟಮಿನ್-ಖನಿಜ ಮಾತ್ರೆ ಆರಿಸುವ ಬಗ್ಗೆ ಟಿಪ್ಪಣಿ

ದಸರಾ ರಜೆಗೆ ಮಂಡ್ಯಕ್ಕೆ ಹೋದಾಗ ಅವ್ವ ಒಲೆ ಪಕ್ಕದ ಗೂಡಿನಿಂದ ಎರಡು ಡಬ್ಬಿ ತಂದು ನನ್ನ ಮುಂದಿಟ್ಟಳು. ಒಂದು ಚಿಕ್ಕಮ್ಮ ಕೊಟ್ಟದ್ದು, ಇನ್ನೊಂದು ಮೆಡಿಕಲ್ ಸ್ಟೋರಿನಲ್ಲಿ ತಾನೇ ತಂದದ್ದು. "ಇದನ್ನೇ ತಾನೆ ಮಗ ನೀನು ಓದ್ತಿರೋದು? ಯಾವ್ದು ಒಳ್ಳೇದು ನೋಡಿ ಹೇಳು." ಮಾನಸಗಂಗೋತ್ರಿಯಲ್ಲಿ ಆಹಾರ ಮತ್ತು ಪೋಷಣೆ ಓದುತ್ತ ಎರಡು ಸೆಮಿಸ್ಟರ್ ಮುಗಿಸಿದ ಧೈರ್ಯದಲ್ಲಿ ಎರಡನ್ನೂ ಒಮ್ಮೆ ನೋಡಿದೆ. ಒಂದರ ಮೇಲೆ "ಕ್ಯಾಲ್ಸಿಯಂ ಕಾರ್ಬೊನೇಟ್ 500 ಮಿ.ಗ್ರಾಂ" ಅಂತಿತ್ತು, ಇನ್ನೊಂದರಲ್ಲಿ ಬರೀ "ಕ್ಯಾಲ್ಸಿಯಂ 250 ಮಿ.ಗ್ರಾಂ". ಐನೂರು ದೊಡ್ಡದಲ್ಲವೇ? ಮೊದಲನೆಯದೇ ಒಳ್ಳೆಯದು ಅಂದುಬಿಟ್ಟೆ.

ರಾತ್ರಿ ಮಲಗಿದ ಮೇಲೆ ತಪ್ಪು ಹೊಳೆಯಿತು. ಈ ಟಿಪ್ಪಣಿ ಆ ತಪ್ಪಿನಿಂದ ಹುಟ್ಟಿದ್ದು. ಪರೀಕ್ಷೆಗೆ ಓದುವವರಿಗೂ ಆದೀತು, ಮನೆಯವರು ಡಬ್ಬಿ ತಂದು ಮುಂದಿಟ್ಟಾಗಲೂ ಆದೀತು.

ಯಾವುದರ ಮಿಲಿಗ್ರಾಂ?

ಖನಿಜವನ್ನು ಸಾಮಾನ್ಯವಾಗಿ ಶುದ್ಧ ಧಾತುವಾಗಿ ಮಾತ್ರೆಗೆ ತುಂಬುವುದಿಲ್ಲ, ಲವಣವಾಗಿ ತುಂಬುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ಕ್ಯಾಲ್ಸಿಯಂ ಪಾಲು ಶೇ. 40. ಹಾಗಾಗಿ 500 ಮಿ.ಗ್ರಾಂ ಕಾರ್ಬೊನೇಟಿನಲ್ಲಿ ಇರುವುದು 200 ಮಿ.ಗ್ರಾಂ ಕ್ಯಾಲ್ಸಿಯಂ. ನಾನು ಬದಿಗೆ ಸರಿಸಿದ ಡಬ್ಬಿಯಲ್ಲಿ 250 ಇತ್ತು! ಸಿಟ್ರೇಟ್ ಆದರೆ ಪಾಲು ಇನ್ನೂ ಕಡಿಮೆ, ಸುಮಾರು ಶೇ. 21. ಆದರೆ ಸಿಟ್ರೇಟ್ ಹೀರಿಕೆಗೆ ಹೊಟ್ಟೆಯ ಆಮ್ಲ ಅಷ್ಟಾಗಿ ಬೇಕಿಲ್ಲ. ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನಾ ನುಂಗುವವರಿಗೆ, ವಯಸ್ಸಾದವರಿಗೆ ಅದು ವಾಸಿ. ಕಾರ್ಬೊನೇಟನ್ನು ಊಟದ ಜೊತೆ ತೆಗೆದುಕೊಳ್ಳಬೇಕು ಅನ್ನುವುದೂ ಅದಕ್ಕೇ.

ಕಬ್ಬಿಣಕ್ಕೂ ಇದೇ ಲೆಕ್ಕ. ಫೆರಸ್ ಫ್ಯೂಮರೇಟಿನಲ್ಲಿ ಮೂರನೇ ಒಂದು ಪಾಲು ಕಬ್ಬಿಣ, ಏಳು ನೀರಿನ ಅಣು ಇರುವ ಫೆರಸ್ ಸಲ್ಫೇಟಿನಲ್ಲಿ ಐದನೇ ಒಂದು ಪಾಲು. ಸತುವಿನ ವಿಷಯ ಇನ್ನೂ ತಮಾಷೆ. "ಜಿಂಕ್ ಸಲ್ಫೇಟ್ 50 ಮಿ.ಗ್ರಾಂ" ಎಂದಷ್ಟೇ ಬರೆದಿದ್ದರೆ ಏನು ಅರ್ಥ ಮಾಡಿಕೊಳ್ಳಬೇಕು? ಏಳು ನೀರಿನ ಅಣುವಿನ ಸಲ್ಫೇಟಾದರೆ ಸತು ಸುಮಾರು 11 ಮಿ.ಗ್ರಾಂ, ಒಂದೇ ನೀರಿನ ಅಣುವಿನದಾದರೆ ಸುಮಾರು 18. ಬಹಳ ವ್ಯತ್ಯಾಸ. ಒಳ್ಳೆಯ ಲೇಬಲ್ ಆದರೆ ಲವಣದ ಹೆಸರು ಹೇಳಿ, ಮುಂದೆ "ಇಷ್ಟು ಮಿ.ಗ್ರಾಂ ಎಲಿಮೆಂಟಲ್ ಜಿಂಕ್‌ಗೆ ಸಮ" ಎಂದು ಬರೆದಿರುತ್ತದೆ. ನನ್ನ ಮಟ್ಟಿಗೆ ಗುಣಮಟ್ಟದ ಮೊದಲ ಪರೀಕ್ಷೆ ಇದೇ. ಇಷ್ಟನ್ನು ಬಿಡಿಸಿ ಹೇಳದ ಕಂಪನಿ ಉಳಿದದ್ದನ್ನು ಸರಿಯಾಗಿ ಹೇಳೀತು ಅಂತ ನನಗೆ ನಂಬಿಕೆ ಬರುವುದಿಲ್ಲ.

ಇನ್ನೊಂದು ಬಲೆ: ಪಟ್ಟಿಯಲ್ಲಿ "ಕ್ಯಾಲ್ಸಿಯಂ ಪ್ಯಾಂಟೊಥೆನೇಟ್" ಕಂಡರೆ ಅದನ್ನು ಮೂಳೆಯ ಲೆಕ್ಕಕ್ಕೆ ಸೇರಿಸಬೇಡಿ. ಅದು ಬಿ5 ವಿಟಮಿನ್. ಮೊದಲ ಸೆಮಿಸ್ಟರಿನ ಇಂಟರ್ನಲ್‌ನಲ್ಲಿ ನಮ್ಮ ಬ್ಯಾಚಿನ ಅರ್ಧ ಜನ ಸೇರಿಸಿದ್ದರು.

ಶೇಕಡಾ ಯಾರ ಲೆಕ್ಕದ್ದು?

ಮಿಲಿಗ್ರಾಂ ಪಕ್ಕದಲ್ಲಿ ಶೇಕಡಾ ಇರುತ್ತದೆ, ದಿನದ ಶಿಫಾರಸಿನಲ್ಲಿ ಇಷ್ಟು ಪಾಲು ಎಂದು. ಯಾವ ದೇಶದ ಶಿಫಾರಸು ಅನ್ನುವುದು ಮುಖ್ಯ. ನಮ್ಮದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪರವಾಗಿ ಕೊಡುವ ಪಟ್ಟಿ, 2020ರಲ್ಲಿ ಪರಿಷ್ಕೃತವಾದದ್ದು. ಅದರಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ ಸತು 17 ಮಿ.ಗ್ರಾಂ, ಕಬ್ಬಿಣ 19 ಮಿ.ಗ್ರಾಂ. ಹೆಂಗಸಿಗೆ ಸತು ಸುಮಾರು 13, ಕಬ್ಬಿಣ 29. ಕ್ಯಾಲ್ಸಿಯಂ ಇಬ್ಬರಿಗೂ 1000 ಮಿ.ಗ್ರಾಂ. ಅಮೆರಿಕದ ಲೇಬಲ್ ಲೆಕ್ಕದಲ್ಲಿ ಸತು 11, ಕಬ್ಬಿಣ 18. ಹೊರದೇಶದಿಂದ ಬಂದ ಡಬ್ಬಿಯಲ್ಲಿ 11 ಮಿ.ಗ್ರಾಂ ಸತು ಹಾಕಿ ಶೇ. 100 ಎಂದು ಬರೆದಿದ್ದರೆ, ನಮ್ಮ ಗಂಡಸಿನ ಲೆಕ್ಕಕ್ಕೆ ಅದು ಶೇ. 65 ಮಾತ್ರ. ನಮ್ಮ ಪಟ್ಟಿಯಲ್ಲಿ ಅಂಕಿ ಯಾಕೆ ದೊಡ್ಡದು ಅಂದರೆ, ನಮ್ಮ ಊಟ ಹೆಚ್ಚಾಗಿ ಧಾನ್ಯ, ಕಾಳುಗಳದ್ದು. ಅದರಲ್ಲಿನ ಫೈಟೇಟ್ ಎಂಬ ಅಂಶ ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಶಿಫಾರಸು ಅಂದರೆ ಪಾಸ್ ಮಾರ್ಕ್ಸ್ ಅಲ್ಲ ಅನ್ನುವುದೂ ನೆನಪಿರಲಿ. ಆರೋಗ್ಯವಂತರಲ್ಲಿ ನೂರಕ್ಕೆ 97-98 ಮಂದಿಗೆ ಸಾಕಾಗುವಂತೆ ಇಟ್ಟ ಅಂಕಿ ಅದು. ಒಂದು ದಿನ ಶೇ. 80 ಸಿಕ್ಕರೆ ಕೊರತೆ ಬಂತು ಎಂದರ್ಥವಲ್ಲ.

ಐಯು (ಇಂಟರ್ನ್ಯಾಷನಲ್ ಯೂನಿಟ್) ಎಂಬ ಅಳತೆ ಕಂಡರೆ ಎರಡು ಗುಣಾಕಾರ ಗೊತ್ತಿದ್ದರೆ ಸಾಕು. ವಿಟಮಿನ್ ಡಿ 1 ಮೈಕ್ರೋಗ್ರಾಂ ಅಂದರೆ 40 ಐಯು. ರೆಟಿನಾಲ್ ರೂಪದ ವಿಟಮಿನ್ ಎ 1 ಮೈಕ್ರೋಗ್ರಾಂ ಅಂದರೆ ಸುಮಾರು 3.33 ಐಯು.

ಹಾಗೇ "ಒಂದು ಸರ್ವಿಂಗ್" ಅಂದರೆ ಎಷ್ಟು ಮಾತ್ರೆ ಎಂದು ಸಣ್ಣಕ್ಷರದಲ್ಲಿ ಹುಡುಕಿ. ಗಮ್ಮಿಗಳಲ್ಲಿ (ಜೆಲ್ಲಿಯಂತೆ ಅಗಿದು ತಿನ್ನುವ ಮಾತ್ರೆ) ಬಹಳ ಸಲ ಅದು ಎರಡು. ಅಲ್ಲದೆ ಗಮ್ಮಿಗೆ ಕಬ್ಬಿಣ ಹಾಕುವುದು ಕಷ್ಟ, ರುಚಿ ಕೆಡುತ್ತದೆ; ಎಷ್ಟೋ ಗಮ್ಮಿಗಳಲ್ಲಿ ಅದು ಇರುವುದೇ ಇಲ್ಲ.

ಸಮತೋಲ ನೋಡಬೇಕಾದ್ದು ತಟ್ಟೆಯ ಜೊತೆಗೆ

"ಸಮತೋಲಿತ" ಎಂದು ಡಬ್ಬಿಯ ಮುಂದೆ ಬರೆದಿರುತ್ತದೆ. ಎಲ್ಲವೂ ಶೇ. 100 ಇದ್ದರೆ ಸಮತೋಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಮಾತ್ರೆ ನುಂಗುವವರು ಊಟವನ್ನೂ ಮಾಡುತ್ತಾರಲ್ಲ. ಮಂಡ್ಯದ ಮನೆಯ ಒಂದು ದಿನವನ್ನೇ ತೆಗೆದುಕೊಳ್ಳಿ. 2017ರ ಭಾರತೀಯ ಆಹಾರ ಸಂಯೋಜನಾ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ. ಹಸುವಿನ ಹಾಲಿನಲ್ಲಿ 100 ಗ್ರಾಂಗೆ ಸುಮಾರು 120. ಅವ್ವ ದಿನಕ್ಕೆ ಎರಡು ಹೊತ್ತು ಮುದ್ದೆ ಉಣ್ಣುತ್ತಾಳೆ, ಹಿಟ್ಟು ಕಡಿಮೆಯೆಂದರೂ 150 ಗ್ರಾಂ. ಅಲ್ಲಿಗೆ ಸುಮಾರು 545. ಎರಡು ಲೋಟ ಕಾಫಿಯ ಹಾಲು, ಮಜ್ಜಿಗೆ, ಬಸ್ಸಾರಿನ ಸೊಪ್ಪು ಸೇರಿದರೆ ಸಾವಿರದ ಹತ್ತಿರ ಹೋಗುತ್ತದೆ. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಅದು ನಿಜ. ಆದರೂ ಇವಳಿಗೆ ಮಾತ್ರೆಯಲ್ಲಿ ಮತ್ತೆ ಸಾವಿರ ಬೇಕಿಲ್ಲ. ಬೇಕೆಂದರೂ ಒಂದು ಮಾತ್ರೆಯಲ್ಲಿ ಹಿಡಿಸುವುದಿಲ್ಲ: ಸಾವಿರ ಮಿ.ಗ್ರಾಂ ಕ್ಯಾಲ್ಸಿಯಂಗೆ ಎರಡೂವರೆ ಗ್ರಾಂ ಕಾರ್ಬೊನೇಟ್ ಬೇಕು. ಒಮ್ಮೆಗೆ 500 ಮಿ.ಗ್ರಾಂ ದಾಟಿದರೆ ಹೀರಿಕೆಯ ಪ್ರಮಾಣವೂ ಇಳಿಯುತ್ತದೆ. ಮಲ್ಟಿವಿಟಮಿನ್ನಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಅದನ್ನು ದೋಷ ಅನ್ನಬೇಡಿ.

ಕಬ್ಬಿಣದ ಕಥೆ ಬೇರೆ. ನಮ್ಮ ಕಡೆ ಬೆಲ್ಲ ತಿಂದರೆ ರಕ್ತ ಆಗುತ್ತದೆ ಅನ್ನುತ್ತಾರೆ. ಆಲೆಮನೆಯ ಊರಿನವನಾಗಿ ಇದನ್ನು ಬರೆಯಲು ಕಷ್ಟ, ಆದರೂ ಹತ್ತು ಗ್ರಾಂ ಬೆಲ್ಲದಲ್ಲಿ ಅರ್ಧ ಮಿ.ಗ್ರಾಂ ಕಬ್ಬಿಣವೂ ಸಿಗುವುದಿಲ್ಲ. ಇಪ್ಪತ್ತೊಂಬತ್ತರ ಮುಂದೆ ಅದೇನು ಲೆಕ್ಕ? ಸೊಪ್ಪು ಕಾಳಿನ ಕಬ್ಬಿಣ ಹತ್ತಬೇಕಾದರೆ ಜೊತೆಗೆ ಹುಳಿ ಬೇಕು. ಉಪ್ಸಾರಿನ ಖಾರಕ್ಕೆ ಹಿಂಡುವ ನಿಂಬೆ, ಒಂದು ನೆಲ್ಲಿಕಾಯಿ. ನಮ್ಮ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ಧಾನ್ಯ ಕಾಳುಗಳ ಕಬ್ಬಿಣ ಮತ್ತು ಸತು ಹೀರಿಕೆಗೆ ಹೆಚ್ಚು ಒದಗುವುದು ಕಂಡುಬಂತು. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಮಾಡಿದ್ದು, ಮನುಷ್ಯರ ಮೇಲಲ್ಲ. ಆದರೂ ಬಸ್ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕುವವರಿಗೆ ಖುಷಿಯ ಸುದ್ದಿ. ಊಟ ಆದ ಕೂಡಲೇ ಕುಡಿಯುವ ಕಾಫಿ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ.

ಮುಟ್ಟು ನಿಂತ ಮೇಲೆ ಹೆಂಗಸರಿಗೆ ಕಬ್ಬಿಣದ ಅಗತ್ಯ ಇಳಿಯುತ್ತದೆ. ಅವ್ವನಿಗೆ ಐವತ್ತನಾಲ್ಕು. ರಕ್ತಹೀನತೆ ಇಲ್ಲದಿದ್ದರೆ "ಹೆಂಗಸರಿಗಾಗಿ" ಎಂದು ಕಬ್ಬಿಣ ತುಂಬಿದ ಡಬ್ಬಿ ಅವಳಿಗೆ ಅನವಶ್ಯಕ. ಅದೇ ಡಬ್ಬಿ ಇಪ್ಪತ್ತರ ನನ್ನ ತಂಗಿಗೆ ಸರಿಹೋದೀತು.

ಬಿ12 ವಿಷಯದಲ್ಲಿ ಹಾಸ್ಟೆಲಿನ ಪೂರ್ತಿ ಸಸ್ಯಾಹಾರಿ ಗೆಳೆಯರನ್ನು ನೆನೆಯಬೇಕು. ಸೊಪ್ಪು, ಧಾನ್ಯಗಳಲ್ಲಿ ಅದು ಇಲ್ಲ. ಹಾಲು ಮೊಸರಿನಿಂದ ಸ್ವಲ್ಪ ಬರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಾನುಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯುವುದುಂಟು. ದಿನಕ್ಕೆ ಬೇಕಾದ್ದು ಎರಡು ಚಿಲ್ಲರೆ ಮೈಕ್ರೋಗ್ರಾಂ, ಮಾತ್ರೆಯಲ್ಲಿ 500, 1500 ಇರುತ್ತದೆ. ಯಾಕೆ? ಹೊಟ್ಟೆಯಲ್ಲಿ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂ ಮಾತ್ರ ಹೊತ್ತೊಯ್ಯಬಲ್ಲದು. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಜಿನುಗಿ ಒಳಹೋಗುತ್ತದೆ. ಕೊರತೆ ಇದ್ದವರಿಗೆ ದೊಡ್ಡ ಅಂಕಿಗೆ ಅರ್ಥವಿದೆ, ಇಲ್ಲದವರಿಗೆ ಅದರಿಂದ ಹಾನಿಯೂ ಇಲ್ಲ ಲಾಭವೂ ಇಲ್ಲ. ಮೀಥೈಲ್‌ಕೋಬಾಲಮಿನ್ ಎಂಬ ರೂಪದ ಬಿ12 ಅಂತ ಹೆಚ್ಚು ದುಡ್ಡು ಕೇಳಿದರೆ ಗಾಬರಿ ಬೇಡ, ಸಯನೋಕೋಬಾಲಮಿನ್ ಕೂಡ ಕೆಲಸ ಮಾಡುತ್ತದೆ, ಇಟ್ಟರೆ ಬೇಗ ಕೆಡುವುದೂ ಇಲ್ಲ.

ಅಯೋಡಿನ್ ಉಪ್ಪಿನಲ್ಲಿ ಬರುತ್ತದೆ. ಮುಂದೆ ಹೋಗೋಣ.

ಹೆಚ್ಚಾದರೆ

ನೀರಿನಲ್ಲಿ ಕರಗುವ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂದು ಬರೆದು ನಾವು ಅಂಕ ತೆಗೆದುಕೊಂಡಿದ್ದೇವೆ. ಬಿ2 ಹೋಗುವುದು ಕಣ್ಣಿಗೇ ಕಾಣುತ್ತದೆ, ಮಾತ್ರೆ ನುಂಗಿದ ದಿನದ ಆ ಗಾಢ ಹಳದಿ ಅದರದ್ದೇ. ಆದರೆ ಬಿ6 ಈ ಸೂತ್ರಕ್ಕೆ ಒಗ್ಗುವುದಿಲ್ಲ. ಹೆಚ್ಚಿನ ಪ್ರಮಾಣವನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ನರಗಳಿಗೆ ಪೆಟ್ಟು ಬಿದ್ದು ಕೈಕಾಲು ಜೋಮು ಹಿಡಿಯುತ್ತದೆ. ಅಮೆರಿಕದಲ್ಲಿ ಇದರ ಮೇಲ್ಮಿತಿ ದಿನಕ್ಕೆ 100 ಮಿ.ಗ್ರಾಂ ಇದ್ದರೆ ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2023ರಲ್ಲಿ 12ಕ್ಕೆ ಇಳಿಸಿತು. ತಮಾಷೆ ಅಂದರೆ ಕೈಕಾಲು ಜೋಮಿಗೆ ಅಂತಲೇ ಬಿ6 ಮಾತ್ರೆ ನುಂಗುವವರಿದ್ದಾರೆ.

ವಿಟಮಿನ್ ಎ ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ವಯಸ್ಕರಿಗೆ ಮೇಲ್ಮಿತಿ ದಿನಕ್ಕೆ 3000 ಮೈಕ್ರೋಗ್ರಾಂ ರೆಟಿನಾಲ್, ಅಂದರೆ ಸುಮಾರು 10,000 ಐಯು. ಬಸುರಿಯರಲ್ಲಿ ಅದು ಮೀರಿದರೆ ಮಗುವಿಗೆ ಅಂಗದೋಷದ ಅಪಾಯ. ಮೈಯಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೊಟಿನ್ ಆದರೆ ಆ ಭಯವಿಲ್ಲ, ಆದರೆ ಬೀಡಿ ಸಿಗರೇಟು ಸೇದುವವರಿಗೆ ಬೇರೆ ಭಯವಿದೆ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಾ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಕಡಿಮೆಯಾಗುತ್ತದೆ ಎಂದು ನಂಬಿ ಶುರುಮಾಡಿದ ಅಧ್ಯಯನ ಅದು.

ಬಯೋಟಿನ್ ಎಂಬ ಬಿ ವಿಟಮಿನ್ನನ್ನು ಬೇರೆ ಕಾರಣಕ್ಕೆ ಗಮನಿಸಿ. ಕೂದಲು ಉಗುರಿನ ಹೆಸರಿನಲ್ಲಿ 5, 10 ಮಿ.ಗ್ರಾಂ ತುಂಬುತ್ತಾರೆ; ದಿನಕ್ಕೆ ಬೇಕಾದ್ದು ಮೂವತ್ತು ನಲವತ್ತು ಮೈಕ್ರೋಗ್ರಾಂ. ಅಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಲ್ಯಾಬ್ ಪರೀಕ್ಷೆಗಳು ತಪ್ಪು ಉತ್ತರ ಕೊಡುತ್ತವೆ: ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆಮಾಡುವ ಟ್ರೊಪೊನಿನ್ ಕೂಡ. ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಚಿಕ್ಕಮ್ಮ ಕೊಟ್ಟ ಡಬ್ಬಿಯಲ್ಲಿ 10 ಮಿ.ಗ್ರಾಂ ಇತ್ತು. ಅವ್ವ ಥೈರಾಯ್ಡ್ ಮಾತ್ರೆ ತಗೊಳ್ಳುವವಳು.

ಡಬ್ಬಿಯ ಮೇಲಿನ ಉಳಿದ ಗುರುತುಗಳು

ಒಂದೇ ಬಗೆಯ ಮಾತ್ರೆ ಎರಡು ಕಾನೂನಿನಡಿ ಬರಬಹುದು. ಆಹಾರ ಪೂರಕವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಲೈಸೆನ್ಸ್ ಸಂಖ್ಯೆ, ಜೊತೆಗೆ ಔಷಧವಾಗಿ ಬಳಸಲು ಅಲ್ಲ ಎಂಬ ಸಾಲು. ಔಷಧವಾದರೆ ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ. ಘಟಕದ ಹೆಸರಿನ ಮುಂದೆ "ಐ.ಪಿ." ಇದ್ದರೆ ಆ ಘಟಕ ಭಾರತೀಯ ಔಷಧಕೋಶದ ಮಾನದಂಡದ್ದು ಎಂದರ್ಥ. ಔಷಧದ ಲೇಬಲ್ಲಿನಲ್ಲಿ ವಿಟಮಿನ್‌ಗಳನ್ನು ಸ್ವಲ್ಪ ಹೆಚ್ಚುವರಿ ಹಾಕಿದ್ದೇವೆ ಎಂಬ ಸಾಲೂ ಕಾಣುತ್ತದೆ. ಇಟ್ಟಲ್ಲೇ ಅವು ಕರಗುತ್ತ ಹೋಗುವುದರಿಂದ, ಅವಧಿ ಮುಗಿಯುವ ದಿನಕ್ಕೂ ಬರೆದಷ್ಟು ಉಳಿಯಲಿ ಎಂದು ಹಾಗೆ ಮಾಡುವುದು. ಇಪ್ಪತ್ತು ಗಿಡಮೂಲಿಕೆಗಳ ಹೆಸರು ಬರೆದು ಒಟ್ಟು ತೂಕ ಮಾತ್ರ ಕೊಟ್ಟಿದ್ದರೆ ನಾನು ಕೆಳಗಿಡುತ್ತೇನೆ. ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿ. ಮೆತ್ತನೆ ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಜೆಲಾಟಿನ್, ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬಂದದ್ದು.

ಇಷ್ಟೆಲ್ಲ ನೋಡಿ ಆರಿಸಿದ ಮಾತ್ರೆಯಿಂದ ಆಯುಸ್ಸು ಹೆಚ್ಚುತ್ತದೆಯೇ? ಅಮೆರಿಕದ ಸುಮಾರು 3.9 ಲಕ್ಷ ಆರೋಗ್ಯವಂತರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ದಿನಾ ಮಲ್ಟಿವಿಟಮಿನ್ ನುಂಗಿದವರ ಸಾವಿನ ಪ್ರಮಾಣ ಕಡಿಮೆಯಿರಲಿಲ್ಲ. ಕೊರತೆ ಇದ್ದವರು, ಬಸುರಿಗೆ ಸಿದ್ಧವಾಗುತ್ತಿರುವವರು, ಉಣ್ಣಲಾಗದ ಹಿರಿಯರು, ಇವರ ಲೆಕ್ಕ ಬೇರೆ.

ಮಾರನೇ ದಿನ ಬೆಳಿಗ್ಗೆ ಅವ್ವನ ಹತ್ತಿರ ತಪ್ಪೊಪ್ಪಿಕೊಂಡೆ. ಅವಳು ನಕ್ಕು, "ನಾನು ಹೆಂಗೂ ಎರಡನ್ನೂ ನುಂಗ್ತಿದ್ದೆ ಬಿಡು" ಅಂದಳು. ಯಾವಾಗ ಅಂದೆ. ಬರಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಅದರ ಬೆನ್ನಿಗೇ ಇವೆರಡು, ಆಮೇಲೆ ಕಾಫಿ! ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಯ್ಡ್ ಮಾತ್ರೆಯ ಹೀರಿಕೆಗೆ ಅಡ್ಡ ಬರುತ್ತವೆ, ನಡುವೆ ನಾಲ್ಕು ಗಂಟೆ ಬೇಕು. ಬಯೋಟಿನ್ ಡಬ್ಬಿಯನ್ನು ನಿಲ್ಲಿಸಿದೆವು. ಇನ್ನೊಂದನ್ನು ರಾತ್ರಿ ಊಟಕ್ಕೆ ದಾಟಿಸಿದೆವು. ಊಟದ ಎಣ್ಣೆ ಜಿಡ್ಡು ಇದ್ದರೆ ಎ, ಡಿ, ಇ, ಕೆ ಹೀರಿಕೆಗೂ ಒಳ್ಳೆಯದು. ಅದನ್ನೂ ಮುಂದುವರಿಸಬೇಕೋ ಬೇಡವೋ ಅನ್ನುವುದನ್ನು ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ ಅವಳ ಡಾಕ್ಟರನ್ನು ಕೇಳುವುದೆಂದಾಯಿತು. ಥೈರಾಯ್ಡ್ ಪರೀಕ್ಷೆಗೆ ಹೋಗುವಾಗ ಬಯೋಟಿನ್ ನುಂಗುತ್ತಿದ್ದ ವಿಷಯ ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ.

ಡಬ್ಬಿಯನ್ನು ಒಲೆ ಪಕ್ಕದ ಗೂಡಿನಿಂದ ತೆಗೆದು ಬೀರುವಿನ ಮೇಲಿನ ಅರೆಯಲ್ಲಿಟ್ಟೆ, ಬಿಸಿ ಹಬೆಯಿಂದ ದೂರ. ಪಕ್ಕದ ಮನೆಯ ಮೂರು ವರ್ಷದ ಹುಡುಗ ದಿನಾ ನಮ್ಮ ಅಡುಗೆಮನೆಯಲ್ಲೇ ಆಡುತ್ತಾನೆ. ಕಬ್ಬಿಣದ ಮಾತ್ರೆಗಳನ್ನು ಮಿಠಾಯಿ ಎಂದು ತಿಂದು ಜೀವಕ್ಕೇ ಕುತ್ತು ತಂದುಕೊಂಡ ಮಕ್ಕಳ ಬಗ್ಗೆ ಪಾಠದಲ್ಲಿ ಓದಿದ್ದು ಆಗ ನೆನಪಾಯಿತು.