ಕಲ್ಲಿನಲ್ಲಿ ಚಿನ್ನ ಸಿಕ್ಕಿತು, ಗಣಿ ಏಕೆ ಆರಂಭವಾಗಲಿಲ್ಲ?

ಪ್ರಶ್ನೆ: ರಸ್ತೆಯೂ ಇಲ್ಲದ ಬೆಟ್ಟದಲ್ಲಿ ಸಿಕ್ಕ ಕಲ್ಲಿನಲ್ಲಿ ಟನ್ನಿಗೆ 40 ಗ್ರಾಂ ಚಿನ್ನವಿದೆ ಎಂಬಂಥ ಸುದ್ದಿಗಳನ್ನು ಓದುತ್ತೇವೆ. ಎಷ್ಟೋ ವರ್ಷ ಕಳೆದರೂ ಅಲ್ಲಿ ಗಣಿ ತೆರೆಯುವುದಿಲ್ಲ. ಏಕೆ?

ಉತ್ತರ: ಆ 40 ಗ್ರಾಂ ನಿಜವೇ ಇರಬಹುದು. ಆದರೆ ಅದು ಒಂದು ಕಲ್ಲಿನ ಲೆಕ್ಕ, ಬೆಟ್ಟದ ಲೆಕ್ಕವಲ್ಲ. ಅದೂ ನೂರು ಕಲ್ಲುಗಳ ನಡುವೆ ಕಣ್ಣಿಗೆ ಹಿಡಿಸಿದ್ದನ್ನೇ ಆರಿಸಿ ಪರೀಕ್ಷೆಗೆ ಕಳುಹಿಸಿರುತ್ತಾರೆ.

ಭೂಮಿಯ ಹೊರಪದರದಲ್ಲಿ ಚಿನ್ನದ ಸರಾಸರಿ ಪ್ರಮಾಣ ಟನ್ನಿಗೆ ಕೆಲವೇ ಮಿಲಿಗ್ರಾಂ. ಅದನ್ನು ನೂರಾರು ಪಟ್ಟು ಒಂದೆಡೆ ಸೇರಿಸುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಬಿಸಿನೀರು. ಪರ್ವತಗಳು ಏಳುವ ಕಾಲದಲ್ಲಿ ಆಳದ ಶಿಲೆಗಳು ಕಾದು, ತಮ್ಮೊಳಗಿನ ನೀರನ್ನು ಬಿಟ್ಟುಕೊಡುತ್ತವೆ. 250ರಿಂದ 400 ಡಿಗ್ರಿ ಸೆಲ್ಸಿಯಸ್‌ನ ಆ ನೀರಿನಲ್ಲಿ ಚಿನ್ನ ಗಂಧಕದ ಆಸರೆಯಿಂದ ಕರಗಿರುತ್ತದೆ. ಶಿಲೆಗಳು ಒಡೆದು ಸರಿದ ಜಾಗದ, ಅಂದರೆ ಸ್ತರಭಂಗದ, ಬಿರುಕು ತೆರೆದು ಒತ್ತಡ ಥಟ್ಟನೆ ಕುಸಿದಾಗ ಬಿಳಿ ಬೆಣಚು ಗಟ್ಟಿಯಾಗುತ್ತದೆ. ದಾರಿಯಲ್ಲಿ ಕಬ್ಬಿಣದ ಅಂಶ ಹೆಚ್ಚಿರುವ ಶಿಲೆ ಎದುರಾದರೆ ಗಂಧಕ ಕಬ್ಬಿಣವನ್ನು ಕೂಡಿ ಪೈರೈಟ್ ಆಗುತ್ತದೆ. ಆಸರೆ ತಪ್ಪಿದ ಚಿನ್ನ ಅಲ್ಲೇ ಉಳಿಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಬಿರುಕು ತಿರುವು ಪಡೆದಲ್ಲಿ, ಎರಡು ಬಿರುಕುಗಳು ಸಂಧಿಸಿದಲ್ಲಿ ಚಿನ್ನ ದಟ್ಟವಾಗಿರುತ್ತದೆ. ಐದು ಮೀಟರ್ ಆಚೆ ಅದೇ ಬೆಣಚು ಬರಿದಾಗಿರಬಹುದು. ಒಂದೇ ಕಲ್ಲನ್ನು ಸೀಳಿ ಎರಡು ಹೋಳುಗಳನ್ನೂ ಪರೀಕ್ಷಿಸಿದರೆ ಬೇರೆ ಬೇರೆ ಅಂಕಿ ಬರುವುದುಂಟು. ಒಂದು ಹೋಳಿನಲ್ಲಿ ಚಿನ್ನದ ಕಾಳೊಂದು ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಅಷ್ಟೇ.

ಕಣ್ಣನ್ನು ನಂಬುವಂತೆಯೂ ಇಲ್ಲ. ಹೊಳೆಯುವ ಕಣವನ್ನು ಸೂಜಿಯಿಂದ ಒತ್ತಿ ನೋಡಿ: ಚಿನ್ನವಾದರೆ ತಗ್ಗು ಬೀಳುತ್ತದೆ, ಚಿನ್ನದಂತೆಯೇ ಹೊಳೆಯುವ ಪೈರೈಟ್ ಆದರೆ ಪುಡಿಯಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಅಮೆರಿಕದ ನೆವಾಡಾದಲ್ಲಿ 1961ರಲ್ಲಿ ಪತ್ತೆಯಾದ ಕಾರ್ಲಿನ್ ನಿಕ್ಷೇಪದ ಚಿನ್ನ ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದು ಹೆಚ್ಚಾಗಿ ಆರ್ಸೆನಿಕ್ ಬೆರೆತ ಪೈರೈಟಿನೊಳಗೆ ಅಡಗಿದೆ. ಅನ್ವೇಷಕರು ಮಣ್ಣಿನಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್, ಆಂಟಿಮನಿಗಳನ್ನೂ ಹುಡುಕುವುದು ಇದಕ್ಕಾಗಿಯೇ.

ಕೊನೆಗೆ ತೀರ್ಪು ಕೊಡುವುದು ನೆಲವನ್ನು ಆಳಕ್ಕೆ ಕೊರೆದು ನೋಡುವ ಕೆಲಸ. ಕೊಳವೆಯಲ್ಲಿ ಮೇಲೆ ಬಂದ ಉದ್ದನೆಯ ಕಲ್ಲನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಉಳಿದರ್ಧವನ್ನು ಮರುಪರೀಕ್ಷೆಗೆಂದು ಕಾದಿಡುವುದು ಪದ್ಧತಿ. ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗದ ಕಾಡಿನಲ್ಲಿರುವ ಬುಸಾಂಗ್‌ನಲ್ಲಿ ಕೆನಡಾದ ಬ್ರೀ-ಎಕ್ಸ್ ಕಂಪನಿ ಈ ಪದ್ಧತಿಯನ್ನು ಬಿಟ್ಟು ಕಲ್ಲನ್ನು ಪೂರ್ತಿ ಪುಡಿಮಾಡುತ್ತಿತ್ತು. ಆ ಪುಡಿಗೆ ಹೊರಗಿನ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾಯಿತು. ಗುಟ್ಟು ಬಿಟ್ಟುಕೊಟ್ಟ ಸುಳಿವುಗಳಲ್ಲಿ ಒಂದು, ಕಣಗಳ ಅಂಚು ಹೊಳೆಯ ನೀರಿನಲ್ಲಿ ಉರುಳಿದ ಚಿನ್ನದಂತೆ ಸವೆದು ದುಂಡಗಾಗಿದ್ದದ್ದು. ಶಿಲೆಯೊಳಗೇ ಹುಟ್ಟಿದ ಚಿನ್ನ ಹಾಗೆ ಸವೆಯುವುದೆಲ್ಲಿಂದ?

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಓದುವಾಗ ಗ್ರಾಂ ಎಷ್ಟು ಎಂಬುದಕ್ಕಿಂತ ಕೊರೆದ ಕಲ್ಲಿನಲ್ಲಿ ಎಷ್ಟು ಮೀಟರ್ ಉದ್ದಕ್ಕೆ ಅಷ್ಟು ಚಿನ್ನವಿದೆ ಎಂಬುದನ್ನು ಮೊದಲು ಹುಡುಕಿ. ಅರ್ಧ ಮೀಟರಿನ 40 ಗ್ರಾಂಗಿಂತ 30 ಮೀಟರಿನ 3 ಗ್ರಾಂ ನನಗಂತೂ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಅಕ್ಕಪಕ್ಕದಲ್ಲಿ ಕೊರೆದ ರಂಧ್ರಗಳಲ್ಲೂ ಅದೇ ಚಿನ್ನ ಮುಂದುವರಿದಿದೆಯೇ ನೋಡಿ. ಅಷ್ಟಿದ್ದರೂ ರಸ್ತೆ, ವಿದ್ಯುತ್, ನೀರು ಯಾವುದೂ ಇಲ್ಲದ ಕಡೆ ಖರ್ಚು ಏರುತ್ತದೆ. ಪಟ್ಟಣದ ಪಕ್ಕದಲ್ಲಿ ಅದಿರು ಎನಿಸಿಕೊಳ್ಳುವ ಶಿಲೆ ಅಲ್ಲಿ ಬರೀ ಕಲ್ಲಾಗಿಯೇ ಉಳಿಯಬಹುದು.