ತಿಥಿ ಕಾರ್ಡ್ ಥರ ಆದ ಲಗ್ನಪತ್ರಿಕೆ: ಲೇಸರ್‌ಗೂ ಪೇಪರ್‌ಗೂ ಇರೋ ಹಳೇ ಜಗಳ

ಹೋದ ವರ್ಷ ನಮ್ಮ ಕಸಿನ್ ಮದುವೆಗೆ ಹಾಸನದಲ್ಲೇ ಲೇಸರ್ ಕಟ್ ಕಾರ್ಡ್ ಮಾಡಿಸಿದ್ವಿ, ಬಿಎಂ ರೋಡ್ ಕಡೆ ನನ್ನ ಫ್ರೆಂಡ್ ಒಬ್ಬನ ಅಂಗಡಿ ಇದೆ, ಆಗಷ್ಟೇ ಮಷಿನ್ ತಂದು ಹಾಕಿದ್ದ. ಸ್ಯಾಂಪಲ್ ಬಂತು. ನವಿಲು, ಬಳ್ಳಿ, ಮಧ್ಯೆ ಗಣಪತಿ, ಕುಸುರಿ ಕೆಲಸ ಏನೋ ಸೂಪರ್, ಆದ್ರೆ ಕಟ್ ಆದ ಅಂಚೆಲ್ಲಾ ಕಂದುಗಟ್ಟಿತ್ತು, ಬೆರಳಿಟ್ರೆ ಮಸಿ. ದೊಡ್ಡಪ್ಪ ಕನ್ನಡಕ ಮೇಲೆ ಮಾಡ್ಕೊಂಡು ನೋಡಿ ಹೇಳಿದ್ದು ಒಂದೇ ಮಾತು: "ಇದೇನ್ಲಾ, ತಿಥಿ ಕಾರ್ಡ್ ಇದ್ದಂಗೈತೆ!" ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಕೊಡೋ ಪತ್ರಿಕೆಗೆ ಕಪ್ಪು ಅಂಚು ಅಂದ್ರೆ ಯಾರು ತಾನೇ ಒಪ್ತಾರೆ ಹೇಳಿ.

ಆ ಕಂದು ಅಂಚಿನ ಹಿಂದೆ ಬಿದ್ದು ಓದ್ತಾ ಹೋದೆ. ಓದಿದಷ್ಟೂ ಗೊತ್ತಾಗಿದ್ದು ಏನಂದ್ರೆ ಲೇಸರ್ ಹುಟ್ಟಿದಾಗಿಂದ ಪೇಪರ್ ಜೊತೆ ಇದೇ ಜಗಳ ನಡೀತಿದೆ, ಬೆಳಕು ಎಷ್ಟು ಜೋರು ಅನ್ನೋದಕ್ಕಿಂತ ಒಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ, ಅದರ ಬಣ್ಣ ಯಾವುದು, ಇವೆರಡರ ಮೇಲೇ ಎಲ್ಲಾ ನಿಂತಿದೆ. ನಮ್ಮ ಕಡೆ ಊರಹಬ್ಬದಲ್ಲಿ ಕೆಂಡ ಹಾಯೋದು ನೋಡಿರ್ತೀರಲ್ಲ, ಸರಸರ ನಡೆದುಹೋದವನಿಗೆ ಏನೂ ಆಗಲ್ಲ, ಮಧ್ಯದಲ್ಲಿ ನಿಂತವನ ಗತಿ ಅಷ್ಟೇ. ಪೇಪರ್ ಕಥೆನೂ ಅದೇ.

ಬೆಳಕನ್ನ ಕನ್ನಡಿಯಿಂದ ಓಡಿಸೋ ಐಡಿಯಾ ಲೇಸರ್‌ಗಿಂತ ನೂರು ವರ್ಷ ಹಳೇದು. 1858ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಎಳೆದಾಗ ಆ ಕಡೆ ತಲುಪ್ತಿದ್ದ ಕರೆಂಟ್ ತೀರಾ ಸಣ್ಣದು, ಅದನ್ನ ಓದೋಕೆ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಒಂದು ಪುಟ್ಟ ಕನ್ನಡಿ ತೂಗುಹಾಕಿ ಅದರ ಮೇಲೆ ದೀಪದ ಬೆಳಕು ಬಿಟ್ಟ. ಕನ್ನಡಿ ಕೂದಲೆಳೆಯಷ್ಟು ತಿರುಗಿದ್ರೂ ದೂರದ ಸ್ಕೇಲ್ ಮೇಲೆ ಬೆಳಕಿನ ಚುಕ್ಕೆ ಎದ್ದು ಕಾಣೋ ಹಾಗೆ ಸರೀತಿತ್ತು. ಅದು ಮಿರರ್ ಗ್ಯಾಲ್ವನೋಮೀಟರ್. ಇವತ್ತು ವಸ್ತುಗಳ ಮೇಲೆ ಗುರುತು ಕೊರೆಯೋ ಮಾರ್ಕಿಂಗ್ ಮಷಿನ್‌ಗಳಲ್ಲಿ ಲೇಸರ್ ಓಡಿಸೋ ಎರಡು ಸಣ್ಣ ಕನ್ನಡಿಗೆ ಎಲ್ಲರೂ 'ಗ್ಯಾಲ್ವೋ' ಅಂತಾರಲ್ಲ, ಆ ಹೆಸರು ಬಂದಿದ್ದೇ ಅಲ್ಲಿಂದ.

ಲೇಸರ್ ಬಂದಿದ್ದು 1960ರ ಮೇ 16ಕ್ಕೆ, ಅಮೆರಿಕದಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಕೆಂಪು ಬೆಳಕು ಹೊರಡಿಸಿದ ದಿನ. ಆದ್ರೆ ಪೇಪರ್ ಮಟ್ಟಿಗೆ ಮುಖ್ಯ ವರ್ಷ 1964. ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿದ್ದು ಕುಮಾರ್ ಪಟೇಲ್, ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿ, ಓದಿದ್ದು ಪುಣೆ. ಈ ಲೇಸರ್ ಬೆಳಕು ಕಣ್ಣಿಗೆ ಕಾಣಲ್ಲ, ಅಲೆಯುದ್ದ 10.6 ಮೈಕ್ರಾನ್, ಅಂದ್ರೆ ಹಸಿರು ಬೆಳಕಿನ ಸುಮಾರು 20 ಪಟ್ಟು. (ಫ್ರೆಂಡ್ ಮಷಿನ್‌ನಲ್ಲಿ ಕಾಣೋ ಕೆಂಪು ಚುಕ್ಕೆ ಜಾಗ ತೋರಿಸೋಕೆ ಇಟ್ಟಿರೋ ಬೇರೆ ಲೈಟ್, ಕಟ್ ಮಾಡೋದು ಅದಲ್ಲ.) ಪೇಪರ್ ಬೆಳ್ಳಗೆ ಕಾಣೋದು ಯಾಕೆ, ಕಣ್ಣಿಗೆ ಕಾಣೋ ಬೆಳಕನ್ನೆಲ್ಲಾ ಚದುರಿಸಿ ವಾಪಸ್ ಕಳಿಸುತ್ತೆ ಅದಕ್ಕೆ. ಆದ್ರೆ ಈ 10.6 ಮೈಕ್ರಾನ್ ಬೆಳಕಿಗೆ ಅದೇ ಪೇಪರ್ ಕಪ್ಪು ಕಂಬಳಿ ಇದ್ದಂಗೆ, ಅದರಲ್ಲಿರೋ ಸೆಲ್ಯುಲೋಸ್, ಅಂದ್ರೆ ಮರದ ನಾರಿನ ವಸ್ತು, ಪೂರ್ತಿ ಕುಡಿದುಬಿಡುತ್ತೆ. ಹಾಗಾಗಿ ಕಟ್ ಮಾಡೋಕೆ ಭಾರಿ ಸಲೀಸು, ಸುಡೋಕೂ ಅಷ್ಟೇ ಸಲೀಸು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಲೇಸರ್ ಪ್ರಿಂಟರ್ ಅಂದ್ರೆ ಲೇಸರ್ ಪೇಪರ್ ಮೇಲೆ ಬರೆಯುತ್ತೆ ಅಂತ ನಾನೂ ತುಂಬಾ ದಿನ ಅನ್ಕೊಂಡಿದ್ದೆ, ಹಾಗೇನಿಲ್ಲ, ಅದರಲ್ಲಿ ಬೆಳಕು ಪೇಪರ್‌ನ ಮುಟ್ಟೋದೇ ಇಲ್ಲ. ಗಿರಗಿರ ತಿರುಗೋ ಹಲವು ಮುಖದ ಕನ್ನಡಿಯಿಂದ ಡ್ರಮ್ ಮೇಲೆ ಗೆರೆಗೆರೆಯಾಗಿ ಓಡುತ್ತೆ, ಡ್ರಮ್‌ಗೆ ಟೋನರ್ ಪುಡಿ ಅಂಟುತ್ತೆ, ಆಮೇಲೆ ಪೇಪರ್‌ಗೆ ಇಳಿದು ಬಿಸಿಗೆ ಕರಗಿ ಕೂರುತ್ತೆ. ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಇದನ್ನ ಮಾಡಿದ್ದು 1971ರಲ್ಲಿ, ಮಾರ್ಕೆಟ್‌ಗೆ ಬಂದ ಜೆರಾಕ್ಸ್ 9700 ಮಾಡೆಲ್ 1977ರದ್ದು, ಎಚ್‌ಪಿ ಲೇಸರ್‌ಜೆಟ್ 1984. ಈ ಟೋನರ್ ಅನ್ನೋದು ಪ್ಲಾಸ್ಟಿಕ್ ಮತ್ತು ಇದ್ದಿಲಿನಂಥ ಕಪ್ಪು ಪುಡಿ ಸೇರಿದ್ದು, ಇದನ್ನ ನೆನಪಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಫ್ಯಾಕ್ಟರಿಗಳಂತೂ ನಿಜವಾದ ಪೇಪರ್ ಮೇಲೇ ಲೇಸರ್ ಓಡಿಸೋದು ಬೇಗ ಕಲಿತ್ವು. ಸಿಗರೇಟ್ ಫಿಲ್ಟರ್ ಸುತ್ತ ಇರೋ ಪೇಪರ್‌ಗೆ ಸಣ್ಣ ಸಣ್ಣ ತೂತು ಹೊಡೆಯೋಕೆ ಲೇಸರ್ ಬಳಸ್ತಾರೆ, ಗಾಳಿ ಬೆರೆತು ಹೊಗೆ 'ಲೈಟ್' ಆಗುತ್ತೆ ಅಂತ ನಂಬಿಸೋಕೆ, ಅಷ್ಟು ಒಳ್ಳೇ ಬುದ್ಧಿ ಖರ್ಚು ಮಾಡಿದ್ದು ಅದಕ್ಕಾ ಅಂತ ಬೇಜಾರಾಗುತ್ತೆ. ಮಾತ್ರೆ ಡಬ್ಬದ ಮೇಲಿನ ಡೇಟ್ ನೋಡಿ, ಕೆಲವದ್ರಲ್ಲಿ ಇಂಕ್ ಇರಲ್ಲ, ಕಪ್ಪು ಪಟ್ಟಿಯೊಳಗೆ ಬಿಳಿ ಅಕ್ಷರ ಇರುತ್ತೆ. ಮೇಲಿನ ಇಂಕ್ ಪದರ ಮಾತ್ರ ಲೇಸರ್ ಹಾರಿಸಿ ಕೆಳಗಿನ ಬಿಳಿ ಪೇಪರ್ ತೋರಿಸಿರುತ್ತೆ.

ಮೇಲಿನದನ್ನ ಮಾತ್ರ ತೆಗೆದು ಕೆಳಗಿನದನ್ನ ಉಳಿಸೋ ಈ ವಿದ್ಯೆಗೆ ಇನ್ನೊಂದು ಬೇರೂ ಇದೆ, ಅದು ಕಲ್ಲಿನದು. 1972ರಲ್ಲಿ ಜಾನ್ ಆಸ್ಮಸ್ ಅನ್ನೋ ವಿಜ್ಞಾನಿ ವೆನಿಸ್‌ಗೆ ಹೋಗಿದ್ದು ಹಾಳಾಗ್ತಿರೋ ಶಿಲ್ಪಗಳ ಹೋಲೋಗ್ರಾಮ್ ಚಿತ್ರ ತೆಗೆಯೋಕೆ, ಸುಮ್ನೆ ಲೇಸರ್ ಕಲ್ಲಿನ ಮೇಲೆ ಬಿಟ್ಟು ನೋಡಿದ್ರೆ ಕಪ್ಪು ಮಸಿ ಎದ್ದುಹೋಗಿ ಕೆಳಗಿನ ಬಿಳಿ ಕಲ್ಲು ಹಾಗೇ ಉಳೀತು. ಕಪ್ಪು ಬಣ್ಣ ಬೆಳಕನ್ನ ಹೀರುತ್ತೆ, ಬಿಳಿ ವಾಪಸ್ ಕಳಿಸುತ್ತೆ, ಅಷ್ಟೇ ಲೆಕ್ಕ. 1990ರ ದಶಕದಲ್ಲಿ ಇದನ್ನ ಹಳೇ ಪೇಪರ್ ಮತ್ತು ಚರ್ಮದ ಹಾಳೆಗಳ ಮೇಲೂ ಪ್ರಯತ್ನ ಮಾಡಿದ್ರು. ಪೇಪರ್ ಕಲ್ಲಿನ ಹಾಗೆ ಸುಮ್ನಿರಲ್ವಲ್ಲ. ಅತಿನೇರಳೆ ಬೆಳಕು ಬಿಟ್ರೆ ಸೆಲ್ಯುಲೋಸ್ ಸರಪಳಿನೇ ಮುರಿಯುತ್ತೆ, 1064 ನ್ಯಾನೋಮೀಟರ್ (ಸುಮಾರು 1 ಮೈಕ್ರಾನ್) ಅಲೆಯುದ್ದದ ಇನ್‌ಫ್ರಾರೆಡ್‌ನಲ್ಲಿ ಎಷ್ಟೋ ಸಲ ಹಾಳೆ ಹಳದಿಗೆ ತಿರುಗ್ತು, ಕೊನೆಗೆ 532 ನ್ಯಾನೋಮೀಟರ್‌ನ ಹಸಿರೇ ವಾಸಿ ಅನ್ನೋ ಕಡೆಗೆ ವಾಲಿದ್ರು.

ಅದೇ ಹಸಿರು ಬೆಳಕಿಂದ ಕೇಂಬ್ರಿಡ್ಜ್‌ನಲ್ಲಿ ಜೂಲಿಯನ್ ಆಲ್‌ವುಡ್, ಡೇವಿಡ್ ಲೀಲ್ ಅಯಾಲಾ ಸೇರಿ 2012ರಲ್ಲಿ ತೋರಿಸಿದ್ದು ನನಗೆ ಈ ಕಥೇಲೇ ಮಜಾ ಅನ್ಸಿದ್ದು: ಪ್ರಿಂಟ್ ಆದ ಹಾಳೆಯಿಂದ ಟೋನರ್ ಎಬ್ಬಿಸಿ ಮತ್ತೆ ಖಾಲಿ ಹಾಳೆ ಮಾಡೋದು. ಒಂದೊಂದು ಪಲ್ಸ್, ಅಂದ್ರೆ ಬೆಳಕಿನ ಒಂದೊಂದು ಮಿಣುಕು, 4 ನ್ಯಾನೋಸೆಕೆಂಡ್ (ಸೆಕೆಂಡನ್ನ ನೂರು ಕೋಟಿ ಭಾಗ ಮಾಡಿದ್ರೆ ಅದರಲ್ಲಿ ನಾಲ್ಕು). ಅಷ್ಟು ಹೊತ್ತಲ್ಲಿ ಬೆಳಕೇ ಓಡೋದು ನಾಲ್ಕು ಅಡಿ, ಇನ್ನು ಬಿಸಿ ಹರಡೋಕೆ ಎಲ್ಲಿ ಟೈಮ್! ಟೋನರ್‌ನ ಕಪ್ಪು ಪುಡಿ ಹಸಿರನ್ನ ಹೀರಿ ಆವಿಯಾಗಿ ಎದ್ದುಹೋಗುತ್ತೆ, ಬಿಳಿ ಪೇಪರ್ ತಿರುಗಿ ಕಳಿಸುತ್ತೆ. ಮರ ಕಡಿದು, ಪಲ್ಪ್ ಮಾಡಿ, ಮತ್ತೆ ರೀಸೈಕಲ್ ಮಾಡೋ ಸುತ್ತೆಲ್ಲಾ ತಪ್ಪುತ್ತೆ ಅನ್ನೋದು ಅವರ ಲೆಕ್ಕ. ಅಷ್ಟಾದ್ರೂ ನಮ್ಮ ಯಾವ ಜೆರಾಕ್ಸ್ ಅಂಗಡೀಲೂ ಅಳಿಸೋ ಮಷಿನ್ ಕಾಣಲ್ಲ, ಒಂದು ರಿಮ್ ಪೇಪರ್ ಇಷ್ಟು ಅಗ್ಗಕ್ಕೆ ಸಿಗುವಾಗ ಯಾರು ತರ್ತಾರೆ ಅಂತ ನನಗನ್ಸುತ್ತೆ.

ಅಳಿಸಿ ಬರೆಯೋದು ನಮಗೇನೂ ಹೊಸದಲ್ಲ ಬಿಡಿ. ಈಗ ಆಫೀಸ್ ಫೈಲ್‌ಗೆ 'ಕಡತ' ಅಂತೀವಲ್ಲ, ಮೊದಲು ಕಡತ ಅಂದ್ರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಚಿದ ಕಪ್ಪು ಪುಸ್ತಕ. ಬಳಪದಲ್ಲಿ ಲೆಕ್ಕ ಬರೆಯೋದು, ಬೇಡವಾದ್ರೆ ಒರೆಸಿ ಮತ್ತೆ ಬರೆಯೋದು. ಚಿಕ್ಕಮಗಳೂರು ಜಿಲ್ಲೆ ಶೃಂಗೇರಿ ಮಠದ ಹಳೇ ಲೆಕ್ಕಪತ್ರ ಇಂಥ ಕಡತಗಳಲ್ಲಿದೆ. ನಾವು ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಒರೆಸ್ತಿದ್ವಿ, ಅವರು ಬಿಳಿ ಮೇಲಿನ ಕಪ್ಪು ಒರೆಸೋಕೆ ಲೇಸರ್ ತಂದ್ರು.

ಇನ್ನು ನಮ್ಮ ಕಾರ್ಡ್. ಫ್ರೆಂಡ್ ಮಷಿನ್‌ನಲ್ಲಿ ಗ್ಯಾಲ್ವೋ ಇಲ್ಲ, ಬೆಲ್ಟ್ ಮೇಲೆ ಹೆಡ್ಡೇ ಓಡಬೇಕು. ಇಬ್ಬರೂ ಕೂತು ಗಮನಿಸಿದ್ರೆ ನೇರ ಗೆರೆ ಅಷ್ಟೇನೂ ಸುಟ್ಟಿರಲಿಲ್ಲ, ನವಿಲಿನ ಕಣ್ಣು, ಬಳ್ಳಿಯ ತಿರುವು, ಅಲ್ಲೇ ಜಾಸ್ತಿ ಕಪ್ಪು. ತಿರುವು ಬಂದಾಗ ಬೈಕ್ ಥರ ಹೆಡ್ ಕೂಡ ಸ್ಲೋ ಆಗುತ್ತೆ, ಸ್ಲೋ ಆದಲ್ಲಿ ಸುಡುತ್ತೆ. ಗ್ಯಾಲ್ವೋ ಆಗಿದ್ರೆ ಬೆರಳುಗುರಿನಷ್ಟು ಕನ್ನಡಿ ತಿರುಗೋದಷ್ಟೇ, ಈ ತೊಂದ್ರೆ ಕಮ್ಮಿ. ಕೊನೆಗೆ ಪವರ್ ಇಳಿಸಿ, ಸ್ಪೀಡ್ ಏರಿಸಿ, ಒಂದೇ ಸಲ ಕೊಯ್ಯೋ ಬದಲು ಎರಡು ಸಲ ಓಡಿಸಿದ, ತಿರುವಲ್ಲಿ ಪವರ್ ತಾನೇ ಕಮ್ಮಿಯಾಗೋ ಸೆಟ್ಟಿಂಗ್ ಹುಡುಕಿ ಹಾಕಿದ, ಹೊಗೆ ಹಾಳೆ ಮೇಲೆ ಕೂರದ ಹಾಗೆ ಗಾಳಿ ಪಂಪ್ ಜೋರು ಮಾಡಿದ. ಜುಲೈ ಮಳೆಗೆ ಮೆತ್ತಗಾಗಿ ಬಾಗಿದ್ದ ಶೀಟ್‌ಗಳನ್ನ ಫೋಕಸ್ ತಪ್ಪುತ್ತೆ ಅಂತ ಹಿಂದಿನ ರಾತ್ರಿನೇ ದಪ್ಪ ಪುಸ್ತಕದ ಕೆಳಗೆ ಇಟ್ಟಿದ್ದ.

ಎರಡನೇ ಸ್ಯಾಂಪಲ್ ಅಂಚು ತೆಳು ಕೆನೆ ಬಣ್ಣ. ದೊಡ್ಡಪ್ಪ ಬೆರಳು ಸವರಿ, ಬೆರಳನ್ನ ಪಂಚೆಗೆ ಒರೆಸಿ ನೋಡಿದ್ರು, ಮಸಿ ಇಲ್ಲ. "ಇನ್ನೂರು ಹಾಕ್ಸು" ಅಂದ್ರು.