ಮಣ್ಣಿನ ಗೋಡೆಗೆ ಸಿಮೆಂಟ್ ಯಾಕೆ ಬೇಡ

ಹಳೆಯ ಮಣ್ಣಿನ ಮನೆಗಳನ್ನು ದುರಸ್ತಿ ಮಾಡಿಸುವ ಕೆಲಸ ನನ್ನದು. "ಗೋಡೆ ಉದುರುತ್ತಿದೆ, ಸಿಮೆಂಟ್ ಗಿಲಾವು ಮಾಡಿಸಿಬಿಡೋಣವಾ?" ಎಂದು ಯಾರಾದರೂ ಕೇಳಿದರೆ, ನಾನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಕತೆ ಹೇಳುತ್ತೇನೆ.

ಆ ಊರಿನ ನಡುಪೇಟೆಯಲ್ಲೇ ಎಲ್ ಪ್ರೆಸಿಡಿಯೊ ಇದೆ. 1782ರಲ್ಲಿ ಸ್ಪೇನಿನವರು ಶುರು ಮಾಡಿದ ಸೈನಿಕ ಠಾಣೆ. ನಡುವೆ ಅಂಗಳ, ಸುತ್ತ ನಾಲ್ಕೂ ಕಡೆ ಕಟ್ಟಡಗಳ ಸಾಲು. ಗೋಡೆಗಳೆಲ್ಲ ಅಡೋಬಿ, ಅಂದರೆ ಹಸಿ ಇಟ್ಟಿಗೆ. ಮಣ್ಣು, ಹುಲ್ಲು, ನೀರು ಕಲಸಿ ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸಿದ್ದು, ಸುಟ್ಟಿದ್ದಲ್ಲ. ಅದರಲ್ಲಿ ಅಲ್ಲಿನ ಮೂಲನಿವಾಸಿ ಚುಮಾಶ್ ಜನರ ಬೆವರೂ ಇದೆ. ಸ್ಪೇನಿನ ಹೆಸರಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲ.

1812ರ ಭೂಕಂಪದಲ್ಲಿ ಠಾಣೆಗೆ ಪೆಟ್ಟು ಬಿತ್ತು. ಆಮೇಲೆ ಊರು ಬೆಳೆದು, ಬೀದಿಗಳು ಅಂಗಳದ ಮೇಲೇ ಹಾದುಹೋದವು. ಹಳೆಯದರಲ್ಲಿ ಉಳಿದದ್ದು ಎಲ್ ಕ್ವಾರ್ಟೆಲ್ ಮತ್ತು ಕನ್ಯೇದೊ ಅಡೋಬಿ ಎಂಬ ಎರಡು ಕಟ್ಟಡ ಮಾತ್ರ. 1963ರಲ್ಲಿ ಊರಿನವರು ಒಂದು ಟ್ರಸ್ಟ್ ಕಟ್ಟಿಕೊಂಡರು. ನೆಲ ಅಗೆಸಿ ಹಳೆಯ ಪಾಯ ಹುಡುಕಿ, ಅದೇ ಜಾಗದಲ್ಲಿ ಮತ್ತೆ ಹಸಿ ಇಟ್ಟಿಗೆಯಲ್ಲೇ ಗೋಡೆ ಎಬ್ಬಿಸಿದರು. ಅಲ್ಲಿನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ, ಹೀಗೆ ಹೊಸದಾಗಿ ಕಟ್ಟಿದ್ದು. ಆದರೆ ನನ್ನ ಮನಸ್ಸು ಜಾಸ್ತಿ ಎಳೆಯುವುದು ಎಲ್ ಕ್ವಾರ್ಟೆಲ್ ಕಡೆಗೆ. ಇನ್ನೂರು ವರ್ಷ ದಾಟಿದ ಮಣ್ಣು ಅದು!

ಮಣ್ಣಿಗೆ ವಯಸ್ಸಿನ ಭಯವಿಲ್ಲ, ನೀರಿನ ಭಯ. ನೆಲದ ತೇವ ಗೋಡೆಯ ಬುಡಕ್ಕೆ ಏರುತ್ತಲೇ ಇರುತ್ತದೆ. ಹೊರಗೆ ಮಣ್ಣಿನ ಅಥವಾ ಸುಣ್ಣದ ಗಿಲಾವು ಇದ್ದರೆ ಆ ತೇವ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ನಿಲ್ಲುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗೇ ಕಾಣುತ್ತದೆ, ಒಳಗೆ ಇಟ್ಟಿಗೆ ಮೆತ್ತಗಾಗುತ್ತಿರುತ್ತದೆ. ಒಂದು ಮನೆಯಲ್ಲಿ ನಾನು ಸಿಮೆಂಟ್ ಪದರ ಕೀಳಿಸಿದಾಗ ಹಿಂದಿನ ಮಣ್ಣು ಬೆರಳಿಗೆ ಹಿಟ್ಟಿನ ಹಾಗೆ ಅಂಟಿತು. ಆ ಗೋಡೆ ಉಳಿಯಲಿಲ್ಲ.

ಭೂಕಂಪ ತಡೆದುಕೊಳ್ಳುವುದಕ್ಕೂ ದಾರಿ ಇದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ್ದೇ ಆದ ಗೆಟ್ಟಿ ಸಂರಕ್ಷಣಾ ಸಂಸ್ಥೆ ಅಡೋಬಿ ಗೋಡೆಗಳ ಮಾದರಿ ಮಾಡಿ, ಅಲುಗಾಡಿಸಿ ಪರೀಕ್ಷಿಸಿತು. ದಪ್ಪ ಗೋಡೆ ಬಿರುಕು ಬಿಟ್ಟರೂ ನಿಲ್ಲಬಲ್ಲದು. ಮೇಲ್ತುದಿಯಲ್ಲಿ ಗೋಡೆಗಳನ್ನು ಒಂದಕ್ಕೊಂದು ಬಿಗಿದು, ಸೂರಿಗೂ ಕಟ್ಟಿದರೆ ಬೀಳುವ ಅಪಾಯ ತುಂಬಾ ಕಡಿಮೆ. ಇಡೀ ಗೋಡೆಗೆ ಕಾಂಕ್ರೀಟ್ ತುಂಬಬೇಕಿಲ್ಲ.

ಹಾಗಾಗಿ ನಿಮ್ಮ ಮನೆಯ ಮಣ್ಣಿನ ಗೋಡೆ ಉದುರುತ್ತಿದ್ದರೆ ಮೊದಲು ಒಡೆದ ಹೆಂಚು ಬದಲಾಯಿಸಿ. ಬುಡದಲ್ಲಿ ನೀರು ನಿಲ್ಲದ ಹಾಗೆ ಚರಂಡಿ ತೆಗೆಸಿ. ಒಂದು ಬೇಸಿಗೆ ಗೋಡೆ ಒಣಗಲು ಬಿಡಿ. ಗಿಲಾವಿನ ಮಾತು ಆಮೇಲೆ.